ಸೈಡ್‌ವಿಂಗ್‌ನಿಂದ: ಓದುಗರ ಪ್ರಶ್ನೆ, ನಟಿಯ ಉತ್ತರ

‘ನಾಟಕ, ಧಾರಾವಾಹಿಗಳ ಬಗ್ಗೆ ಏನು ಬೇಕಾದರೂ ಕೇಳಿ’ ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ನನ್ನ ಪರವಾಗಿ ಉದಾರವಾಗಿ ಪ್ರಕಟಿಸಿಬಿಟ್ಟರು. ಬಂದ ಪತ್ರಗಳಲ್ಲಿ ಅರ್ಧದಷ್ಟು ‘ಆ ನಾಯಕಿಗೆ ನಿಜವಾಗಿಯೂ ಮದುವೆಯಾಗಿದೆಯೇ’ ಎಂಬ ಬಗೆಯವು. ಅವನ್ನು ಮಡಿಸಿ ಬದಿಗಿಟ್ಟಿದ್ದೇನೆ. ನಾನು ಯಾರೆಂದು ಕೇಳುವವರಿಗೆ ಎರಡು ಮಾತು: 1975ರಲ್ಲಿ, ಹದಿನೈದನೆಯ ವಯಸ್ಸಿಗೆ, ಒಂದು ವೃತ್ತಿ ನಾಟಕ ಕಂಪನಿ ಸೇರಿದೆ. ಕಂಪನಿ ಮುಚ್ಚಿದ ಮೇಲೆ ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ಆಡಿದೆ. 1998ರಿಂದ ಕ್ಯಾಮೆರಾ ಮುಂದೆ ತಾಯಿ, ಅತ್ತೆ, ಅಜ್ಜಿ. ಒಂದೇ ಒಂದು ಸಲ ನ್ಯಾಯಾಧೀಶೆ.

ಪ್ರಶ್ನೆ: ಧಾರಾವಾಹಿಗಳಲ್ಲಿ ಹೆಂಗಸರು ರೇಷ್ಮೆ ಸೀರೆ ಉಟ್ಟು, ಒಡವೆ ಹೇರಿಕೊಂಡೇ ಮಲಗುತ್ತಾರೆ. ಒಬ್ಬರು ಒಂದು ಮಾತು ಆಡಿದರೆ ಮನೆಮಂದಿಯೆಲ್ಲ ಸರದಿಯ ಮೇಲೆ ಬೆಚ್ಚುತ್ತಾರೆ. ನಾಟಕದಿಂದ ಬಂದ ನಿಮಗೆ ನಾಚಿಕೆಯಾಗುವುದಿಲ್ಲವೇ? (ನಿವೃತ್ತ ಶಿಕ್ಷಕ, ಮಂಡ್ಯ)

ಮೇಷ್ಟ್ರೇ, ಸೀರೆಯಿಂದಲೇ ಶುರು ಮಾಡೋಣ. ಆ ರೇಷ್ಮೆ ಸೀರೆ ಬಹುಮಟ್ಟಿಗೆ ನಮ್ಮದೇ. ಪೌರಾಣಿಕ ಕಥೆಯಾದರೆ ಉಡುಪು ನಿರ್ಮಾಣ ಸಂಸ್ಥೆಯದು. ಇಂದಿನ ಕಾಲದ ಕಥೆಯಾದರೆ ಬಹಳಷ್ಟು ಕಡೆ ಕಲಾವಿದರೇ ತರಬೇಕು. ನನ್ನ ಬೀರುವಿನಲ್ಲಿ ನಾಲ್ಕು ಅರೆಗಳಿವೆ: ಶ್ರೀಮಂತ ಅತ್ತೆ, ಬಡ ತಾಯಿ, ವಿಧವೆ, ಮದುವೆಮನೆ. ಒಮ್ಮೆ ಮಗಳು ಯಾರದೋ ಆರತಕ್ಷತೆಗೆ ಹೊರಟು ಸೀರೆ ಕೇಳಿದಾಗ ‘ಮೂರನೆಯ ಅರೆ ಮುಟ್ಟಬೇಡ’ ಎಂದು ಅಡುಗೆಮನೆಯಿಂದ ಕೂಗಿದ್ದೆ. ನಾನೇಕೆ ಹಾಗೆ ಕೂಗಿದೆನೆಂದು ಅಳಿಯನಿಗೆ ಇನ್ನೂ ಗೊತ್ತಿಲ್ಲ. ಮಲಗುವ ದೃಶ್ಯಕ್ಕೆ ರೇಷ್ಮೆ ಏಕೆಂದರೆ, ಅದರ ಹಿಂದಿನ ದೃಶ್ಯ ಪೂಜೆಯದಾಗಿರುತ್ತದೆ. ಸೀರೆ ಬದಲಾಯಿಸಿ ತಲೆ ಬಾಚಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಸೆಟ್‌ನಲ್ಲಿ ಯಾರ ಬಳಿಯೂ ಇರುವುದಿಲ್ಲ.

ಇನ್ನು ಬೆಚ್ಚುವುದು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಸುಮಾರು ಇಪ್ಪತ್ತೆರಡು ನಿಮಿಷದ ಕಥೆ ತುಂಬಿಸಬೇಕು, ವಾರಕ್ಕೆ ಐದಾರು ಸಲ. ಮೊದಲು ಎಲ್ಲರೂ ಕಾಣುವ ಮಾಸ್ಟರ್ ಶಾಟ್, ಆಮೇಲೆ ಹೆಗಲ ಮೇಲಿನಿಂದ ಸಜೆಷನ್, ಆಮೇಲೆ ಒಬ್ಬೊಬ್ಬರ ಕ್ಲೋಸ್. ಎಂಟು ಜನ ನಿಂತಿದ್ದರೆ ಎಂಟು ರಿಯಾಕ್ಷನ್. ತೆಗೆದದ್ದನ್ನು ಬಿಡಲು ಸಂಕಲನಕಾರರಿಗೆ ಮನಸ್ಸು ಬರುವುದಿಲ್ಲ, ಏಕೆಂದರೆ ನಾಳೆಯ ಕಂತಿಗೆ ಎರಡು ನಿಮಿಷ ಕಡಿಮೆ ಬಿದ್ದಿರುತ್ತದೆ. ಗುರುವಾರ, ಟಿವಿ ವೀಕ್ಷಕರ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ವಾರದ ಅಂಕಿ ಬರುತ್ತದೆ. ಬೆಚ್ಚಿದ ವಾರ ಅಂಕಿ ಏರಿತೆಂದರೆ ಮುಂದಿನ ವಾರ ಎರಡೆರಡು ಸಲ ಬೆಚ್ಚುತ್ತೇವೆ.

ಇದಕ್ಕೆ ಹಳೆಯ ಬೇರೂ ಒಂದಿದೆ. 1930ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ ಹಗಲು ಹೊತ್ತು ಬರುತ್ತಿದ್ದ ಕಥಾಸರಣಿಗಳಿಗೆ ಸಾಬೂನು ಕಂಪನಿಗಳು ಹಣ ಹಾಕುತ್ತಿದ್ದವು. ಸೋಪ್ ಒಪೆರಾ ಎಂಬ ಹೆಸರು ಹುಟ್ಟಿದ್ದು ಅಲ್ಲಿ. 1937ರಲ್ಲಿ ರೇಡಿಯೊದಲ್ಲಿ ಆರಂಭವಾದ ‘ಗೈಡಿಂಗ್ ಲೈಟ್’ 1952ರಲ್ಲಿ ಟಿವಿಗೆ ಬಂದು 2009ರವರೆಗೆ ನಡೆಯಿತು. ಕೇಳುವವರು ಮನೆಗೆಲಸ ಮಾಡುತ್ತಲೇ ಕೇಳುತ್ತಿದ್ದರು, ಆದ್ದರಿಂದ ಹೇಳಿದ್ದನ್ನೇ ಹೇಳಬೇಕಾಗಿತ್ತು. ನಮ್ಮ ವೀಕ್ಷಕಿಯೂ ಒಗ್ಗರಣೆ ಹಾಕುತ್ತಿರುತ್ತಾರೆ. ‘ಢಣ್’ ಎಂಬ ಸದ್ದು ಬಂದಾಗ ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು ನೋಡುತ್ತಾರೆ. ಆ ಸದ್ದು ಅವರಿಗಾಗಿ. ಕುರ್ಚಿಯಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡುವ ನಿಮ್ಮಂಥವರಿಗೆ ಅದರಿಂದ ಕಿರಿಕಿರಿಯಾಗುವುದು ಸಹಜ.

ನಾಚಿಕೆಯನ್ನು ಕೇಳಿದಿರಿ. ಆಗಿದೆ, ಆದರೆ ರೇಷ್ಮೆ ಸೀರೆಗಲ್ಲ. ಒಮ್ಮೆ ಸೊಸೆಯ ಮೈಬಣ್ಣ ಹಿಡಿದು ಹಂಗಿಸುವ ಮಾತುಗಳನ್ನು ಬರೆದುಕೊಟ್ಟರು. ಒಂದೂವರೆ ಪುಟ. ಹೇಳಿದೆ, ಚೆನ್ನಾಗಿಯೇ ಹೇಳಿದೆ. ಕಟ್ ಎಂದ ಮೇಲೆ ಟೀ ಕೊಡಲು ಬಂದ ಹುಡುಗಿ ಕಪ್ಪು ಮೈಬಣ್ಣದವಳು. ಕಪ್ ಇಟ್ಟು ನನ್ನ ಮುಖ ನೋಡದೆ ಹೋದಳು. ಆಮೇಲಿಂದ ಅಂಥ ಮಾತು ಬಂದರೆ ‘ಬೇರೆ ಏನಾದರೂ ಬರೆಯಿರಿ’ ಎಂದು ಕೇಳುತ್ತೇನೆ. ಕೆಲವು ಸಲ ಬರೆಯುತ್ತಾರೆ.

ಪ್ರಶ್ನೆ: ನನಗೆ 21 ವರ್ಷ, ಬಿ.ಕಾಂ. ಕೊನೆಯ ವರ್ಷ. ಧಾರಾವಾಹಿಯಲ್ಲಿ ನಟಿಸುವ ಆಸೆ. ಮೊದಲು ನಾಟಕ ಕಲಿಯಬೇಕೇ, ನೇರವಾಗಿ ಆಡಿಷನ್‌ಗೆ ಹೋಗಬಹುದೇ? ರೀಲ್ಸ್‌ನಲ್ಲಿ ಚೆನ್ನಾಗಿ ಮಾಡುತ್ತೇನೆ ಎಂದು ಗೆಳತಿಯರು ಹೇಳುತ್ತಾರೆ. (ವಿದ್ಯಾರ್ಥಿನಿ, ದಾವಣಗೆರೆ)

ನನ್ನ ಮಗಳಿಗಿಂತ ಎಷ್ಟೋ ಚಿಕ್ಕವಳು ನೀನು, ಏಕವಚನಕ್ಕೆ ಬೇಸರ ಬೇಡ. ನೇರವಾಗಿ ಹೋಗಬಹುದು, ಹೋಗಿ ಗೆದ್ದವರಿದ್ದಾರೆ. ನಾಯಕಿಯ ಪಾತ್ರಕ್ಕೆ ವಾಹಿನಿಯವರು ಮುಖ ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಲುಕ್ ಟೆಸ್ಟ್ ಮಾಡುತ್ತಾರೆ. ನಾಟಕ ಶಾಲೆಯ ಪ್ರಮಾಣಪತ್ರ ಕೇಳಿದವರನ್ನು ನಾನಂತೂ ಕಂಡಿಲ್ಲ. ತೊಂದರೆ ಬರುವುದು ಮೊದಲ ಧಾರಾವಾಹಿ ಮುಗಿದ ಮೇಲೆ. ಎರಡು ವರ್ಷ ಒಂದೇ ಪಾತ್ರ, ಒಂದೇ ಅಳು, ಒಂದೇ ಜಡೆ. ಆಮೇಲೆ ಬೇರೆ ಪಾತ್ರಕ್ಕೆ ಕರೆದಾಗ ಮೈ ಬಗ್ಗುವುದಿಲ್ಲ. ಅಂಥ ಮೂರು ನಾಯಕಿಯರಿಗೆ ನಾನು ತಾಯಿಯಾಗಿದ್ದೆ. ಅವರಲ್ಲಿ ಒಬ್ಬಳು ಮಾತ್ರ ಈಗಲೂ ನಟಿಸುತ್ತಿದ್ದಾಳೆ.

ಕಂಪನಿಯಲ್ಲಿ ಮೊದಲ ಆರು ತಿಂಗಳು ನಾನು ‘ಸಖಿ’. ಒಂದೂ ಮಾತಿಲ್ಲ, ಕೈಯಲ್ಲಿ ಚಾಮರ. ರಾತ್ರಿ ಎರಡು ಗಂಟೆಯಾದರೂ ಬೀಸುತ್ತ ನಿಂತಿರಬೇಕು. ರಾಣಿಯ ಪಾರ್ಟು ಮಾಡುತ್ತಿದ್ದ ಹಿರಿಯ ನಟಿ ಒಂದು ದಿನ ಬಣ್ಣ ಅಳಿಸಿಕೊಳ್ಳುತ್ತ, ‘ನಾನು ಅಳುವಾಗಲೂ ನಿನ್ನ ಕೈ ಗಡಿಯಾರದ ಹಾಗೆ ಆಡುತ್ತದಲ್ಲೇ, ನಿನಗೆ ಕಿವಿ ಇಲ್ಲವೇ’ ಎಂದರು. ಮರುದಿನ ಅವರು ಅಳುವಾಗ ಚಾಮರ ನಿಧಾನ ಮಾಡಿದೆ. ಅವರು ಓರೆಗಣ್ಣಿನಲ್ಲಿ ನೋಡಿದರು, ಏನೂ ಹೇಳಲಿಲ್ಲ. ಇಪ್ಪತ್ತಮೂರು ವರ್ಷ ಕಳೆದು ಕ್ಯಾಮೆರಾ ಮುಂದೆ ನನ್ನ ಮೊದಲ ರಿಯಾಕ್ಷನ್ ತೆಗೆದಾಗ ನಾನು ಮಾಡಿದ್ದು ಅಷ್ಟೇ: ಎದುರಿನವರ ಮಾತು ಕೇಳಿಸಿಕೊಂಡೆ.

ಕಲಿಯುವ ಮನಸ್ಸಿದ್ದರೆ ದಾರಿಗಳಿವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ಎಂಬ ರಂಗಸಂಸ್ಥೆ ಹುಟ್ಟಿದ್ದು 1949ರಲ್ಲಿ, ಕೆ.ವಿ. ಸುಬ್ಬಣ್ಣನವರು ಅದಕ್ಕೆ ರಂಗಶಿಕ್ಷಣ ಕೇಂದ್ರವನ್ನು ಸೇರಿಸಿದ್ದು 1980ರಲ್ಲಿ. ಅಲ್ಲಿಯೇ ಉಳಿದು ಕಲಿಯಬೇಕು. 1985ರಿಂದ ಅವರ ಸಂಚಾರಿ ತಂಡ ‘ತಿರುಗಾಟ’ ನಾಡಿನ ಊರೂರು ಸುತ್ತುತ್ತಿದೆ. ಒಂದೇ ನಾಟಕವನ್ನು ಇವತ್ತು ಶಾಲೆಯ ಅಂಗಳದಲ್ಲಿ, ನಾಳೆ ಪುರಭವನದಲ್ಲಿ ಆಡುವುದು ಬೇರೆಯೇ ಪಾಠ. ಮೈಸೂರಿನಲ್ಲಿ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣವಿದೆ, ಅಲ್ಲೂ ಕಲಿಕೆಯ ಕೇಂದ್ರವಿದೆ. ನಿನ್ನ ಊರಿಗೆ ಹತ್ತಿರವೆಂದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿಯ ಶಿವಸಂಚಾರ ತಂಡ 1997ರಿಂದ ತಿರುಗುತ್ತಿದೆ, ರಂಗಶಾಲೆಯೂ ಇದೆ. ಯಾವುದೂ ಆಗದಿದ್ದರೆ ನಿಮ್ಮ ಊರಿನ ಹವ್ಯಾಸಿ ತಂಡವೊಂದಕ್ಕೆ ಹೋಗಿ ತಾಲೀಮಿನ ಮನೆಯ ಕಸ ಗುಡಿಸು. ಹೇಗೂ ಒಂದು ದಿನ ಯಾರೋ ಕಲಾವಿದೆ ಕೈಕೊಡುತ್ತಾಳೆ, ನಿನಗೆ ಪಾತ್ರ ಸಿಗುತ್ತದೆ. ಎಷ್ಟೋ ನಟಿಯರ ಆರಂಭ ಹೀಗೆಯೇ.

ನಾಟಕ ಕಲಿತವರಿಗೆ ಕ್ಯಾಮೆರಾ ಮುಂದೆ ಮರೆಯಬೇಕಾದದ್ದೂ ಇರುತ್ತದೆ. ನನ್ನ ಮೊದಲ ದಿನ ‘ಬಾ ಮಗು’ ಎಂದೆ, ಕೊನೆಯ ಸಾಲಿಗೆ ಕೇಳಿಸುವ ಹಾಗೆ. ಸೌಂಡ್ ರೆಕಾರ್ಡಿಸ್ಟ್ ಹೆಡ್‌ಫೋನ್ ಕಿತ್ತು ಕಿವಿ ಉಜ್ಜಿಕೊಂಡರು. ರೀಲ್ಸ್ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದರಲ್ಲಿ ಹಾಡೂ ಬೇರೆಯವರದು, ಧ್ವನಿಯೂ ಬೇರೆಯವರದು. ನಿನ್ನ ಧ್ವನಿಯಲ್ಲಿ ಒಂದು ಪುಟ ಓದಿ, ರೆಕಾರ್ಡ್ ಮಾಡಿ, ಕೇಳಿ ನೋಡು.

ಪ್ರಶ್ನೆ: ಮಗ ಎಂಜಿನಿಯರಿಂಗ್ ಮೂರನೆಯ ವರ್ಷಕ್ಕೆ ಬಿಟ್ಟು ನಾಟಕ, ಧಾರಾವಾಹಿ ಎಂದು ಬೆಂಗಳೂರಿನಲ್ಲಿ ಕುಳಿತಿದ್ದಾನೆ. ಇದರಲ್ಲಿ ಹೊಟ್ಟೆ ತುಂಬುತ್ತದೆಯೇ? ನಾಳೆ ಹೆಣ್ಣು ಕೊಡುವವರಿಗೆ ಏನೆಂದು ಹೇಳಲಿ? (ತಂದೆ, ಹುಬ್ಬಳ್ಳಿ)

ಯಜಮಾನರೇ, ಲೆಕ್ಕವನ್ನೇ ಹೇಳುತ್ತೇನೆ. ಧಾರಾವಾಹಿಯಲ್ಲಿ ತಿಂಗಳ ಸಂಬಳವಿಲ್ಲ, ದಿನದ ಲೆಕ್ಕ. ಒಂದು ಕಾಲ್‌ಶೀಟ್ ಎಂದರೆ ಬೆಳಿಗ್ಗೆಯಿಂದ ರಾತ್ರಿಯವರೆಗಿನ ಒಂದು ದಿನದ ದುಡಿಮೆ. ತಿಂಗಳಿಗೆ ಎಷ್ಟು ದಿನ ಎನ್ನುವುದು ಕಥೆಯ ಮೇಲೆ ನಿಂತಿದೆ. ನಿಮ್ಮ ಮಗನ ಪಾತ್ರ ಕಥೆಯ ನಡುವಿದ್ದರೆ ಹದಿನೈದು ದಿನವೂ ಆಗಬಹುದು. ಕಥೆ ಅವನನ್ನು ದುಬೈಗೆ ಕಳುಹಿಸಿದರೆ ಎರಡು ತಿಂಗಳು ಸೊನ್ನೆ. ನಮ್ಮ ಧಾರಾವಾಹಿಗಳಲ್ಲಿ ದುಬೈಗೆ ಹೋದವರು ಬೇಗ ಬರುವುದಿಲ್ಲ. ಮಾಡಿದ ಕೆಲಸದ ಹಣ ಕೈಗೆ ಬರಲು ಎರಡು ಮೂರು ತಿಂಗಳು ಹಿಡಿಯುವುದು ವಾಡಿಕೆ. ಬರುವಾಗ ಶೇ 10ರಷ್ಟು ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ಆದಾಯ ತೆರಿಗೆ, ಮುರಿದುಕೊಂಡೇ ಬರುತ್ತದೆ. ಆ ಮೊತ್ತವನ್ನು ಹೋಯಿತೆಂದು ಬಿಡುವ ಹುಡುಗರನ್ನು ಎಷ್ಟೋ ಕಂಡಿದ್ದೇನೆ. ವರಮಾನ ಕಡಿಮೆಯಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸು ಪಡೆಯಬಹುದು, ಹೇಳಿ ಅವನಿಗೆ. ಭವಿಷ್ಯನಿಧಿ ಇಲ್ಲ, ಸಂಬಳದ ರಜೆ ಇಲ್ಲ. ಆರೋಗ್ಯ ವಿಮೆಯನ್ನು ಅವನೇ ಮಾಡಿಸಿಕೊಳ್ಳಬೇಕು.

ನಾಟಕದ ಲೆಕ್ಕ ಇನ್ನೂ ಸುಲಭ. ಕಂಪನಿಯಲ್ಲಿ ನನ್ನ ಮೊದಲ ಸಂಬಳ ತಿಂಗಳಿಗೆ ತೊಂಬತ್ತು ರೂಪಾಯಿ, ಊಟ ಕಂಪನಿಯದು. ಬಾದಾಮಿಯ ಬನಶಂಕರಿ ಜಾತ್ರೆಗೆ ಕ್ಯಾಂಪ್ ಹಾಕಿದರೆ ಕಲೆಕ್ಷನ್ ಜೋರು, ಮಾಲೀಕರ ಮುಖದಲ್ಲಿ ನಗು, ನಮಗೆ ಹೋಳಿಗೆ. ಮಳೆಗಾಲದಲ್ಲಿ ಟೆಂಟ್ ಸೋರುತ್ತಿತ್ತು, ಸಂಬಳವೂ ಅದರ ಜೊತೆ ಹರಿದುಹೋಗುತ್ತಿತ್ತು. ಹವ್ಯಾಸಿ ತಂಡಗಳಲ್ಲಿ ಎರಡು ತಿಂಗಳ ತಾಲೀಮಿಗೆ ಬಸ್ ಚಾರ್ಜು ಕೊಟ್ಟವರನ್ನು ಪುಣ್ಯವಂತರೆನ್ನುತ್ತಿದ್ದೆವು. ಅಂದರೆ ನಾಟಕ ನಿಮ್ಮ ಮಗನನ್ನು ಸಾಕುವುದಿಲ್ಲ, ಧಾರಾವಾಹಿ ನಿಗದಿಯಾಗಿ ಸಾಕುವುದಿಲ್ಲ.

ಹಾಗಾದರೆ ನಾವೆಲ್ಲ ಹೇಗೆ ಬದುಕಿದ್ದೇವೆ? ಕೈಯಲ್ಲಿ ಇನ್ನೊಂದು ಕಸುಬು ಇಟ್ಟುಕೊಂಡು. ನಾನು ಡಬ್ಬಿಂಗ್ ಮಾಡಿದ್ದೇನೆ, ಶಾಲೆಗಳಲ್ಲಿ ಮಕ್ಕಳ ನಾಟಕ ಮಾಡಿಸಿದ್ದೇನೆ. ನನ್ನ ಜೊತೆಯವರಲ್ಲಿ ಕೆಲವರು ಸಂಭಾಷಣೆ ಬರೆಯುತ್ತಾರೆ, ಒಬ್ಬರು ಬೆಳಕಿನ ಉಪಕರಣ ಬಾಡಿಗೆಗೆ ಕೊಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಇದರ ಬೆಲೆ ತಿಳಿಯಿತು. ಮರುವರ್ಷ ಎರಡನೆಯ ಅಲೆಯಲ್ಲಿ ಇಲ್ಲಿ ಶೂಟಿಂಗ್‌ಗೆ ತಡೆಯಾದಾಗ ಎಷ್ಟೋ ಕನ್ನಡ ಧಾರಾವಾಹಿ ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಗಂಟುಮೂಟೆ ಕಟ್ಟಿದವು. ಹೋಗಲಾಗದ ವಯಸ್ಸಾದವರ ಪಾತ್ರಗಳು ರಾತ್ರೋರಾತ್ರಿ ತೀರ್ಥಯಾತ್ರೆಗೆ ಹೊರಟವು. ನಾನೂ ಕಾಶಿಗೆ ಹೋದೆ, ಬನಶಂಕರಿ ಎರಡನೆಯ ಹಂತದ ನನ್ನ ಮನೆಯಲ್ಲೇ ಕುಳಿತು.

ಮಗನಿಗೆ ಒಂದು ಷರತ್ತು ಹಾಕಿ: ಉಳಿದ ವಿಷಯಗಳನ್ನು ಬರೆದು ಪದವಿ ಮುಗಿಸಲಿ. ನಟನಾಗಬೇಡ ಎಂದರೆ ಕೇಳುವುದಿಲ್ಲ, ಪದವಿ ಮುಗಿಸು ಎಂದರೆ ಗೊಣಗಿಕೊಂಡು ಕೇಳುತ್ತಾನೆ. ಹೆಣ್ಣು ಕೊಡುವವರ ವಿಷಯ: ಧಾರಾವಾಹಿಯಲ್ಲಿ ಒಂದು ವರ್ಷ ಮುಖ ಕಾಣಿಸಿಕೊಳ್ಳಲಿ, ಅವರೇ ಬಂದು ನಿಮ್ಮ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆಗ ಮೇಲಿನ ಲೆಕ್ಕವನ್ನು ಮುಚ್ಚಿಡದೆ ಹೇಳಿಬಿಡಿ.

ಪ್ರಶ್ನೆ: ಅಷ್ಟೊಂದು ಮಾತುಗಳನ್ನು ಹೇಗೆ ಬಾಯಿಪಾಠ ಮಾಡುತ್ತೀರಿ? (ಗೃಹಿಣಿ, ಉಡುಪಿ)

ಧಾರಾವಾಹಿಯಲ್ಲಿ ಮಾಡುವುದಿಲ್ಲ. ಹಾಳೆ ಬರುವುದು ಅವತ್ತು ಬೆಳಿಗ್ಗೆ, ಕೆಲವೊಮ್ಮೆ ಮೇಕಪ್ ಆಗುತ್ತಿರುವಾಗ, ಈಗೀಗ ಮೊಬೈಲ್‌ಗೆ. ಎರಡು ಸಲ ಓದುತ್ತೇವೆ. ಉಳಿದದ್ದನ್ನು ಸಹಾಯಕ ನಿರ್ದೇಶಕರು ಕ್ಯಾಮೆರಾ ಪಕ್ಕದಿಂದ ಪ್ರಾಂಪ್ಟ್ ಮಾಡುತ್ತಾರೆ. ಹವ್ಯಾಸಿ ರಂಗಭೂಮಿಯ ಗೆಳೆಯರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಕಂಪನಿ ನಾಟಕದಲ್ಲಿ ಬೆಳೆದ ನನಗೆ ಇದು ತವರುಮನೆಯ ಪದ್ಧತಿ. ಅಲ್ಲೂ ಸೈಡ್‌ವಿಂಗ್‌ನಲ್ಲಿ ಪ್ರಾಂಪ್ಟರ್ ಇರುತ್ತಿದ್ದರು.

ನಾಟಕದ ಮಾತನ್ನು ನಾನು ಕಾಲಿನಲ್ಲಿ ನೆನಪಿಟ್ಟುಕೊಳ್ಳುತ್ತೇನೆ. ಬಾಗಿಲಿನಿಂದ ತುಳಸಿಕಟ್ಟೆಯವರೆಗೆ ನಾಲ್ಕು ಹೆಜ್ಜೆ, ನಾಲ್ಕನೆಯ ಹೆಜ್ಜೆಗೆ ಈ ಮಾತು. ರಂಗಸಜ್ಜಿಕೆಯವರು ಕಟ್ಟೆಯನ್ನು ಅರ್ಧ ಅಡಿ ಸರಿಸಿದರೆ ಮಾತು ತೊದಲುತ್ತದೆ.

ಪ್ರಶ್ನೆ: ಆಡಿಷನ್‌ನಲ್ಲಿ ನನ್ನ ಅಭಿನಯ ಮೆಚ್ಚಿದರು, ಆದರೆ ‘ಭಾಷೆ ಸರಿಮಾಡಿಕೊಂಡು ಬನ್ನಿ’ ಎಂದರು. ನಮ್ಮ ಕಡೆಯ ಕನ್ನಡ ತಪ್ಪೇ? (ರಂಗ ಕಲಾವಿದ, ಕಲಬುರಗಿ)

ತಪ್ಪಲ್ಲ ತಮ್ಮಾ, ಹಾಗೆ ಹೇಳಿದವರಿಗೆ ಚರಿತ್ರೆ ಗೊತ್ತಿಲ್ಲ. ವೃತ್ತಿ ರಂಗಭೂಮಿ ಉಸಿರು ಹಿಡಿದು ಉಳಿದಿದ್ದೇ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ. ಬೆಳಗಾವಿ ಜಿಲ್ಲೆಯ ರಂಗನಟ ಏಣಗಿ ಬಾಳಪ್ಪನವರು ನೂರು ವರ್ಷ ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಅವರ ರಂಗಗೀತೆ ಕೇಳಿದವರಾರೂ ಭಾಷೆ ಸರಿಮಾಡಿಕೊಳ್ಳಿ ಎನ್ನಲಿಲ್ಲ, ‘ಒನ್ಸ್ ಮೋರ್’ ಎಂದರು.

ಆದರೆ ಸೆಟ್‌ನ ವಾಸ್ತವ ಬೇರೆ. ಹೆಚ್ಚಿನ ಧಾರಾವಾಹಿಗಳು ತಯಾರಾಗುವುದು ಬೆಂಗಳೂರಿನ ಬಾಡಿಗೆಯ ಶೂಟಿಂಗ್ ಮನೆಗಳಲ್ಲಿ, ಬರೆಯುವವರಲ್ಲಿ ಹೆಚ್ಚಿನವರು ಈ ಕಡೆಯವರು. ನೀವು ತಂದೆಯ ಪಾತ್ರದಲ್ಲಿ ‘ಛಲೋ’ ಎಂದು, ಮಗ ‘ಚೆನ್ನಾಗಿದೆ’ ಎಂದರೆ ಮನೆ ಒಂದೇ ಎನಿಸುವುದಿಲ್ಲ. ಇನ್ನೊಂದು ಉಡುಪು ಹೊಲಿಸಿಕೊಂಡಂತೆ ಈ ಕಡೆಯ ಭಾಷೆಯನ್ನೂ ಕಲಿತುಕೊಳ್ಳಿ, ನಿಮ್ಮದನ್ನು ಬಿಸಾಡಬೇಡಿ. ನಾನು ಹಳೇ ಮೈಸೂರಿನವಳು. ಕಂಪನಿಯಲ್ಲಿ ಗೌಡತಿಯ ಪಾರ್ಟಿಗಾಗಿ ನಿಮ್ಮ ಕಡೆಯ ಮಾತು ಕಲಿಯಲು ಒಂದು ಬೇಸಿಗೆಯಿಡೀ ಗದುಗಿನಲ್ಲಿ ಕಾಯಿಪಲ್ಲೆ ಮಾರುವವರ ಪಕ್ಕ ಕುಳಿತಿದ್ದೆ. ಉಮಾಶ್ರೀಯವರನ್ನು ನೋಡಿ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಅವರು ಆಡಿದ ಮಾತಿನ ಮಣ್ಣು ಎಂಥದು! ಅದೇ ನಟಿ ದಶಕಗಳ ಮೇಲೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾಗಿ ಮನೆಮನೆಗೆ ಬಂದರು. ಮಣ್ಣಿನ ಮಾತು ಬಿಟ್ಟುಕೊಟ್ಟಿದ್ದರೆ ಎರಡೂ ಆಗುತ್ತಿರಲಿಲ್ಲ.

ಪ್ರಶ್ನೆ: ಒಬ್ಬ ಕೋಆರ್ಡಿನೇಟರ್ ಎರಡನೆಯ ನಾಯಕಿಯ ಪಾತ್ರ ಕೊಡಿಸುತ್ತೇನೆ ಎಂದು ಐವತ್ತು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಹಣವಿಲ್ಲದಿದ್ದರೆ ‘ಹೊಂದಿಕೊಂಡು ಹೋಗಬೇಕು’ ಎನ್ನುತ್ತಾರೆ. ಏನು ಮಾಡಲಿ ಅಕ್ಕ? (ಹೆಸರು ಬೇಡ)

ಹಣ ಕೊಡಬೇಡ. ಒಂದು ರೂಪಾಯಿಯೂ ಬೇಡ, ‘ರಿಜಿಸ್ಟ್ರೇಷನ್’ ಎಂದರೂ ಬೇಡ, ‘ಪೋರ್ಟ್‌ಫೋಲಿಯೊ’ ಎಂದರೂ ಬೇಡ. ಪಾತ್ರ ಕೊಡುವವರು ನಿನಗೆ ಹಣ ಕೊಡುತ್ತಾರೆ, ನಿನ್ನಿಂದ ಪಡೆಯುವುದಿಲ್ಲ. ಕೋಆರ್ಡಿನೇಟರ್‌ಗಳಲ್ಲಿ ಒಳ್ಳೆಯವರಿದ್ದಾರೆ, ಅವರು ಕೆಲಸ ಸಿಕ್ಕ ಮೇಲೆ ಸಂಭಾವನೆಯಲ್ಲಿ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ನಿರ್ಮಾಣ ಸಂಸ್ಥೆಯ ಕಚೇರಿಗೆ ಹಗಲು ಹೊತ್ತಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ‘ಇಂಥ ಪಾತ್ರಕ್ಕೆ ಆಯ್ಕೆ ನಡೆಯುತ್ತಿದೆಯೇ’ ಎಂದು ಕೇಳು. ಹತ್ತರಲ್ಲಿ ಒಂಬತ್ತು ಸಲ ಅಂಥ ಪಾತ್ರವೇ ಇರುವುದಿಲ್ಲ.

‘ಹೊಂದಿಕೊಂಡು’ ಎಂಬ ಮಾತು ಯಾವ ಅರ್ಥದಲ್ಲಿ ಬಂತೆಂದು ನಿನಗೂ ಗೊತ್ತು, ನನಗೂ ಗೊತ್ತು. ಸಂದೇಶಗಳನ್ನು ಅಳಿಸಬೇಡ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಸೆಟ್‌ಗಳಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಿಲ್ಲದ ಕಡೆಯವರಿಗಾಗಿ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇದೆ. ಪೊಲೀಸ್ ಠಾಣೆಗೆ ಹೋಗುವ ಹಕ್ಕಂತೂ ಇದ್ದೇ ಇದೆ. ನನ್ನ ಕಾಲದಲ್ಲಿ ಇದಾವುದೂ ಇರಲಿಲ್ಲ. ಕಂಪನಿಯ ಹಿರಿಯ ಹೆಂಗಸರು ನಮ್ಮನ್ನು ಮಧ್ಯೆ ಮಲಗಿಸಿಕೊಂಡು ಸುತ್ತಲೂ ತಾವು ಮಲಗುತ್ತಿದ್ದರು, ನಮಗಿದ್ದ ಕಾನೂನು ಅಷ್ಟೇ. ನಿನ್ನ ಪತ್ರದಲ್ಲಿ ವಿಳಾಸವಿದೆ, ನಾನು ಪ್ರತ್ಯೇಕವಾಗಿ ಬರೆಯುತ್ತೇನೆ.

ಪ್ರಶ್ನೆ: ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದಿದ್ದೇನೆ, 54 ವರ್ಷ. ಕಾಲೇಜಿನಲ್ಲಿ ನಾಟಕ ಆಡಿದ್ದೆ. ಈಗ ಅವಕಾಶವಿದೆಯೇ? (ಮೈಸೂರು)

ಧಾರಾಳವಾಗಿ ಇದೆ. ನಾಯಕಿಗೆ ಸಾವಿರ ಜನ ಸಾಲುಗಟ್ಟುತ್ತಾರೆ. ವೈದ್ಯ, ವಕೀಲ, ಬೀಗರು, ಸಂಘದ ಅಧ್ಯಕ್ಷರು ಸಿಗುವುದೇ ಕಷ್ಟ. ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ದತ್ತಣ್ಣನವರು ಕ್ಯಾಮೆರಾ ಮುಂದೆ ನೆಲೆಯೂರಿದ್ದು ತಲೆ ನರೆತ ಮೇಲೆಯೇ. ಬ್ಯಾಂಕಿನವರಿಗೆ ಎರಡು ಅನುಕೂಲ: ಏಳು ಗಂಟೆ ಎಂದರೆ ಏಳಕ್ಕೆ ಬರುತ್ತೀರಿ, ಹಣ ತಡವಾದರೆ ಮನೆ ನಡೆಯುತ್ತದೆ. ಒಂದು ಎಚ್ಚರಿಕೆ: ಒಂಬತ್ತು ಗಂಟೆ ಕುರ್ಚಿಯಲ್ಲಿ ಕಾದು ಸಂಜೆ ‘ಬನ್ನಿ ಬೀಗರೇ’ ಎಂಬ ಒಂದೇ ಮಾತು ಹೇಳಿ ಮನೆಗೆ ಹೋಗುವ ದಿನಗಳು ಬರುತ್ತವೆ. ಪುಸ್ತಕ ತೆಗೆದುಕೊಂಡು ಹೋಗಿ. ಮಂಡ್ಯ ರಮೇಶರ ರಂಗಶಾಲೆ ‘ನಟನ’ ನಿಮ್ಮ ಊರಿನಲ್ಲೇ ಇದೆ, ಮೊದಲು ಅಲ್ಲಿಯ ಒಂದು ನಾಟಕ ನೋಡಿಬನ್ನಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 78 ವರ್ಷ. ಎರಡು ವರ್ಷದ ಹಿಂದೆ ಧಾರಾವಾಹಿಯೊಂದರಲ್ಲಿ ನೀವು ಬಸ್ ಅಪಘಾತದಲ್ಲಿ ಸತ್ತಿರಿ. ಆದರೆ ದೇಹ ತೋರಿಸಲಿಲ್ಲ. ‘ಅವಳು ಸತ್ತಿಲ್ಲ, ವಾಪಸು ಬರುತ್ತಾಳೆ’ ಎಂದು ಅತ್ತೆ ಕಾಯುತ್ತಲೇ ಇದ್ದರು. ಧಾರಾವಾಹಿಯೇ ಮುಗಿದುಹೋಯಿತು. ಈಗಲೂ ಕೇಳುತ್ತಾರೆ. ಏನು ಹೇಳಲಿ? (ಸೊಸೆ, ತುಮಕೂರು)

ನಿಮ್ಮ ಪತ್ರ ಓದಿ ನಕ್ಕೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆ ಸಾವು ನನಗೆ ತಿಳಿದದ್ದು ಹೀಗೆ. ಒಂದು ಮಧ್ಯಾಹ್ನ ಕಲಾ ವಿಭಾಗದ ಹುಡುಗ ಬಂದು ‘ಅಮ್ಮಾ, ನಿಮ್ಮದೊಂದು ಫೋಟೋ ಬೇಕು’ ಎಂದ. ಯಾವುದಕ್ಕೆಂದು ಕೇಳಿದರೆ ‘ಪಡಿತರ ಚೀಟಿಯ ದೃಶ್ಯಕ್ಕೆ’ ಎಂದ. ಮೊಬೈಲ್‌ನಲ್ಲಿದ್ದ ಹಸಿರು ಸೀರೆಯ ಒಂದು ಫೋಟೋ ಕಳುಹಿಸಿದೆ. ಐದು ನಿಮಿಷದಲ್ಲಿ ವಾಪಸು ಬಂದು ‘ಇಷ್ಟು ನಗು ಬೇಡವಂತೆ, ಸ್ವಲ್ಪ ಶಾಂತವಾಗಿರುವುದು ಇದೆಯೇ’ ಎಂದ. ಪಡಿತರ ಚೀಟಿಗೆ ಶಾಂತಮುಖ ಯಾರಿಗೆ ಬೇಕು? ಆಗಲೇ ಗೊತ್ತಾಯಿತು. ಮೂರನೆಯ ದಿನ ನಡುಮನೆಯ ಗೋಡೆಯಲ್ಲಿ ನಾನಿದ್ದೆ, ಗಂಧದ ಹಾರದೊಂದಿಗೆ. ನಿರ್ದೇಶಕರು ಒಳ್ಳೆಯವರು, ಪಕ್ಕಕ್ಕೆ ಕರೆದು ‘ಬಾಡಿ ತೋರಿಸುವುದಿಲ್ಲ ಅಮ್ಮಾ, ಬೇಕೆನಿಸಿದರೆ ವಾಪಸು ತರಬಹುದು’ ಎಂದರು. ಆದ್ದರಿಂದ ನಿಮ್ಮ ಅತ್ತೆಯವರ ಅನುಮಾನ ಸರಿಯಾಗಿಯೇ ಇತ್ತು. ಧಾರಾವಾಹಿಯ ವ್ಯಾಕರಣ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆಮೇಲೆ ಆ ಫೋಟೋ ಒಂದೂವರೆ ವರ್ಷ ಗೋಡೆಯಲ್ಲಿತ್ತು. ಅದರ ಮುಂದೆ ಸೊಸೆ ಅತ್ತಳು, ಮಗ ಕ್ಷಮೆ ಕೇಳಿದ, ಖಳನಾಯಕಿ ಸವಾಲು ಹಾಕಿದಳು. ನನಗಿಂತ ನನ್ನ ಫೋಟೋ ಹೆಚ್ಚು ಕಂತುಗಳಲ್ಲಿ ನಟಿಸಿತು. ಅದಕ್ಕೆ ಕಾಲ್‌ಶೀಟ್ ಕೇಳುವ ನಿಯಮ ಇನ್ನೂ ಬಂದಿಲ್ಲ.

ನಾಟಕಕ್ಕೂ ಧಾರಾವಾಹಿಗೂ ಏನು ವ್ಯತ್ಯಾಸ ಎಂದು ಸಭೆಗಳಲ್ಲಿ ಕೇಳುತ್ತಾರೆ. ಒಂದು ಕಲೆ, ಇನ್ನೊಂದು ಹೊಟ್ಟೆಪಾಡು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವವರೂ ಇದ್ದಾರೆ. ನಾನು ಕಂಡ ವ್ಯತ್ಯಾಸ ಇಷ್ಟು: ನಾಟಕದಲ್ಲಿ ನನ್ನ ಪಾತ್ರ ಎಲ್ಲಿ ಮುಗಿಯುತ್ತದೆಂದು ಮೊದಲ ತಾಲೀಮಿಗೇ ಗೊತ್ತಿರುತ್ತದೆ. ಕೊನೆಯ ಅಳು ದೊಡ್ಡದಿದ್ದರೆ ಮೊದಲ ಅಂಕದಲ್ಲಿ ಕಣ್ಣೀರು ಉಳಿಸುತ್ತೇನೆ. ಧಾರಾವಾಹಿಯಲ್ಲಿ ನಾಳೆ ನಾನು ಒಳ್ಳೆಯವಳೋ ಕೆಟ್ಟವಳೋ ಗೊತ್ತಿಲ್ಲ, ಇರುತ್ತೇನೋ ಗೋಡೆಗೆ ಹೋಗುತ್ತೇನೋ ಗೊತ್ತಿಲ್ಲ. ಏನನ್ನೂ ಉಳಿಸುವಂತಿಲ್ಲ, ಅವತ್ತಿನದನ್ನು ಅವತ್ತೇ ಖರ್ಚು ಮಾಡಬೇಕು. ಹಾಗೆ ಆಡುವುದೂ ಸುಲಭವಲ್ಲ. ಆದರೆ ಅದರಲ್ಲಿ ಸತ್ತವಳಿಗೆ ಎದ್ದು ಬಂದು ಕೈಮುಗಿಯುವ ಅವಕಾಶ ಇರುವುದಿಲ್ಲ. ಆ ಬಸ್ ಅಪಘಾತ ನನ್ನನ್ನು ಕಾಡಿದ್ದು ಅದಕ್ಕೇ.

ಅತ್ತೆಯವರಿಗೆ ಹೀಗೆ ಹೇಳಿ. ಮುಂದಿನ ತಿಂಗಳ ಎರಡನೆಯ ಭಾನುವಾರ ನಿಮ್ಮ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಮ್ಮ ನಾಟಕವಿದೆ. ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಹಿಡಿದಿಡಲು ಹೇಳಿದ್ದೇನೆ. ಅದರಲ್ಲೂ ನಾನು ಸಾಯುತ್ತೇನೆ. ಆರೂವರೆಗೆ ನಾಟಕ ಶುರುವಾಗುವ ಮೂರನೆಯ ಗಂಟೆ ಬಾರಿಸಿದರೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ಎಲ್ಲರಿಗೂ ಕಾಣುವ ಹಾಗೆ. ಎಂಟೂಕಾಲಿಗೆ ಎದ್ದು ಬರುತ್ತೇನೆ. ಆಮೇಲೆ ಅವರನ್ನು ಗ್ರೀನ್‌ರೂಮಿಗೆ ಕರೆದುಕೊಂಡು ಬನ್ನಿ, ಮೆಟ್ಟಿಲಿವೆ, ಕೈಹಿಡಿದುಕೊಳ್ಳಿ.